ಒಂದೇ ಜೊತೆ ದಾಳ

"ಏನೂ ಮುಟ್ಬೇಡ. ಉಸಿರನ್ನೂ ಮೆಲ್ಲಗೆ ಬಿಡು," ಅಂದ ಕ್ಲಿಫ್ ಹ್ಯಾಲಮ್, ಊಟದ ಕೋಣೆಯ ಬಾಗಿಲನ್ನು ಅರ್ಧ ಮಾತ್ರ ತೆರೆದು.

ಡೋರೀನ್ ಆಲ್ಸಪ್ ಪೊಲೀಸ್ ಕೆಲಸದಲ್ಲಿದ್ದ ಕಾಲಕ್ಕೆ ಹೀಗೆ ಎಷ್ಟೋ ಕೋಣೆಗಳೊಳಗೆ ಕಾಲಿಟ್ಟವಳು. ಅಲ್ಲೆಲ್ಲ ಹೆಣವೋ ಒಡೆದ ಬೀರುವೋ ಕಾದಿರುತ್ತಿತ್ತು. ಇಲ್ಲಿ ಕಾದಿದ್ದವು ಎರಡು ಸೈನ್ಯಗಳು, ಒಬ್ಬೊಬ್ಬ ಸೈನಿಕನೂ ಹೆಬ್ಬೆರಳಿನ ಗಾತ್ರದವನು. ಊಟದ ಮೇಜಿನ ಮೇಲೆ ದೊಡ್ಡ ಹಲಗೆ, ಹಲಗೆಯ ಮೇಲೆ ಮರಳು ಬಣ್ಣದ ಬಟ್ಟೆ. ಬಟ್ಟೆಯ ಮೇಲೆ ಒಂದು ಕಡೆ ಈಜಿಪ್ಟಿನ ರಾಜ ಟಾಲೆಮಿ, ಇನ್ನೊಂದು ಕಡೆ ಸಿರಿಯಾದ ರಾಜ ಆಂಟಿಯೋಕಸ್. ಇಬ್ಬರ ಹತ್ತಿರವೂ ಆನೆಗಳಿದ್ದವು. ಇಬ್ಬರನ್ನೂ ಆಡಿಸುವವನು ಮಾತ್ರ ಒಬ್ಬನೇ, ಕ್ಲಿಫ್.

ಇಂಗ್ಲೆಂಡಿನ ಈ ಬೀಸ್ಟನ್ ಊರಿನಲ್ಲಿ ಇಂಥವರಿಗೇನೂ ಬರವಿಲ್ಲ. ಒಬ್ಬ ಆಟದ ರೈಲು ಓಡಿಸುತ್ತಾನೆ, ಇನ್ನೊಬ್ಬ ಪಾರಿವಾಳ ಸಾಕುತ್ತಾನೆ, ಕ್ಲಿಫ್ ತನ್ನ ವಿರುದ್ಧ ತಾನೇ ಯುದ್ಧ ಮಾಡುತ್ತಾನೆ. ತಾನು ಮದುವೆಯಾಗದೆ ಉಳಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನೇ ಹೇಳುತ್ತಿರುತ್ತಾನೆ, ಯಾರೂ ಕೇಳದಿದ್ದರೂ.

ನಡೆದದ್ದು ಇಷ್ಟು. ಬುಧವಾರ ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಮುಗಿಸಿ ಮನೆಗೆ ಬಂದ ಕ್ಲಿಫ್‌ಗೆ ತನ್ನ ಯುದ್ಧ ದಿಕ್ಕು ಬದಲಿಸಿ ನಿಂತದ್ದು ಕಂಡಿತು. ಕಳವಾದದ್ದು ಏನೂ ಇಲ್ಲ, ಅವನನ್ನು ನಂಬಿದವರೂ ಯಾರೂ ಇಲ್ಲ.

"ನಾನು ಹೊರಟಾಗ ಟಾಲೆಮಿ ನನ್ನ ಎಡಗಡೆ ಇದ್ದ, ಆಂಟಿಯೋಕಸ್ ಬಲಗಡೆ. ಈಗ ನೋಡು. ಟಾಲೆಮಿ ಹೋಗಿ ಗೋಡೆಗೆ ಅಂಟಿಕೊಂಡಿದಾನೆ, ಆಂಟಿಯೋಕಸ್ ನನ್ನ ಕುರ್ಚಿ ಮುಂದೆ ಬಂದು ಕೂತಿದಾನೆ. ಇಡೀ ಯುದ್ಧ ಕಾಲು ಸುತ್ತು ತಿರುಗಿಬಿಟ್ಟಿದೆ."

"ನೀನೇ ತಿರುಗಿಸಿ ಮರೆತಿದ್ದೀಯ," ಎಂದು ಹಿಂದಿನಿಂದ ದನಿ ಬಂತು.

ಕ್ಲಿಫ್‌ನ ತಂಗಿ ಮೇವಿಸ್. ಚಳಿಗಾಲದಲ್ಲಿ ಅಣ್ಣನ ಮಂಡಿಗೆ ಆಪರೇಷನ್ ಆದಾಗ ನೋಡಿಕೊಳ್ಳಲು ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಇತ್ತು.

"ಮೊನ್ನೆ ಕನ್ನಡಕಾನ ಫ್ರಿಜ್ಜಲ್ಲಿ ಇಟ್ಟಿದ್ದ, ಡೋರೀನ್. ಇದೂ ಹಾಗೇ."

"ಕನ್ನಡಕ ಫ್ರಿಜ್ಜಲ್ಲಿ ಇಟ್ಟೋನು ಟಾಲೆಮೀನ ಗೋಡೆಗೆ ನಿಲ್ಲಿಸ್ತಾನಾ? ಕನ್ನಡಕ ನಂದು. ಟಾಲೆಮಿ ರಾಜ."

ಕ್ಲಿಫ್ ಇದನ್ನು ತಮಾಷೆಗೆ ಹೇಳಲಿಲ್ಲ, ಆದರೂ ಡೋರೀನ್‌ಗೆ ನಗು ಬಂತು. ಅವಳು ಅದನ್ನು ಕೆಮ್ಮಿನಲ್ಲಿ ನುಂಗಿಕೊಂಡಳು. ನಗುವ ಹೊತ್ತಲ್ಲ ಅದು. ಗುರುವಾರ ಮೇವಿಸ್ ನಗರಸಭೆಗೆ ಫೋನ್ ಮಾಡಿ, ಅಣ್ಣನಿಗೆ ಮರೆವು ಹತ್ತಿದೆ, ಮಕ್ಕಳನ್ನು ಲಾರಿಯ ಮುಂದೆ ಬಿಟ್ಟಾನು ಎಂದುಬಿಟ್ಟಿದ್ದಳು. ರಸ್ತೆ ದಾಟಿಸುವವರ ಮೇಲ್ವಿಚಾರಕಿ ಮಿಸೆಸ್ ಪ್ರಿಡ್ಡಿ ಇವತ್ತೇ, ಶುಕ್ರವಾರ ಸಂಜೆ ಚಹಾದ ಹೊತ್ತಿಗೆ, ಮನೆಗೆ ಬರುವವಳಿದ್ದಳು. ಅವಳಿಗೂ ಹಾಗೇ ಅನ್ನಿಸಿದರೆ ಕ್ಲಿಫ್ ರಸ್ತೆ ದಾಟಿಸುವ ಕೋಲನ್ನು ವಾಪಸು ಕೊಡಬೇಕು.

ಆ ಕೋಲು ಹಜಾರದಲ್ಲಿ ಕೊಡೆಗಳ ಪಕ್ಕ ಒರಗಿತ್ತು. ತುದಿಯಲ್ಲಿ 'ನಿಲ್ಲಿ' ಎಂದು ಬರೆದ ಗುಂಡು ಫಲಕ. ಮಕ್ಕಳು ಅದನ್ನು ಲಾಲಿಪಾಪ್ ಅನ್ನುತ್ತಾರೆ, ಕ್ಲಿಫ್‌ನನ್ನು ಜನರಲ್ ಅನ್ನುತ್ತಾರೆ. ಬೆಳಿಗ್ಗೆ ರಸ್ತೆ ದಾಟುವ ಒಂದೊಂದು ಮಗುವಿಗೂ ಅವನು ಒಂದೊಂದು ಪದವಿ ಕೊಡುತ್ತಾನೆ. ಮೂಗು ಸೋರಿಸಿಕೊಂಡು ಬಂದವನಿಗೂ ಆನೆಪಡೆಯ ನಾಯಕನ ಪಟ್ಟ ಸಿಗುತ್ತದೆ. ಡೋರೀನ್‌ಳ ಮೊಮ್ಮಗಳು ಟಿಲ್ಲಿ ಅಶ್ವದಳದಲ್ಲಿದ್ದಳು. ರೈಲ್ವೆ ಕೆಲಸದಿಂದ ನಿವೃತ್ತನಾದ ಮೇಲೆ ಕ್ಲಿಫ್‌ಗೆ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳಲು ಇದ್ದ ಕಾರಣ ಅದೊಂದೇ. ಅದನ್ನು ಕಿತ್ತುಕೊಂಡರೆ ಈ ಮನುಷ್ಯ ಒಳಗೊಳಗೇ ಕುಸಿದುಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು.

"ಕೂತ್ಕೊ ಕ್ಲಿಫ್. ದಿನಾ ಹೇಗೆ ಆಡ್ತೀಯೋ ಹಾಗೆ ಕೂತು ತೋರಿಸು."

ಕ್ಲಿಫ್ ಗಾಲಿಗಳಿದ್ದ ತನ್ನ ಹಳೇ ಆಫೀಸು ಕುರ್ಚಿಯಲ್ಲಿ ಕೂತ. ಕಾರ್ಪೆಟ್ ಆ ಜಾಗದಲ್ಲಿ ಮಾತ್ರ ಸವೆದು ನೂಲು ಕಾಣುತ್ತಿತ್ತು. ಮೇಜಿನ ಆಚೆ ಬದಿ ಗೋಡೆಗೆ ಒತ್ತಿಕೊಂಡಿತ್ತು. ಅಲ್ಲಿ ಬೆಕ್ಕು ಕೂಡ ನಿಲ್ಲುವಂತಿರಲಿಲ್ಲ.

"ಈ ಮಂಡಿ ಬಗ್ಗಲ್ಲ. ಪದೇ ಪದೇ ಏಳೋಕೂ ಬಿಡಲ್ಲ. ಅದಕ್ಕೇ ಇಬ್ಬರು ರಾಜರನ್ನೂ ಕೈಗೆ ಸಿಗೋ ಹಾಗೆ ಹಲಗೆಯ ಎಡತುದಿ ಬಲತುದೀಲಿ ನಿಲ್ಲಿಸ್ಕೊಂಡಿರೋದು," ಅಂದ ಅವನು, ಎರಡೂ ಕೈ ಚಾಚಿ ತೋರಿಸುತ್ತ. "ಎಡಕ್ಕೆ ತಿರುಗಿದರೆ ನಾನು ಟಾಲೆಮಿ, ಬಲಕ್ಕೆ ತಿರುಗಿದರೆ ಆಂಟಿಯೋಕಸ್. ಎದುರಾಳಿ ಬರೋದೇ ಇಲ್ಲ ಅಂದಮೇಲೆ ಎದುರುಗಡೆ ಯಾರಿಗೋಸ್ಕರ ಸೈನ್ಯ ಇಡ್ಲಿ?"

"ಗೋಡೆ ಹತ್ರ ಇದೆಯಲ್ಲ ಆ ಆನೆ, ಅದನ್ನ ಮುಟ್ಟು ನೋಡೋಣ."

ಕ್ಲಿಫ್ ಕೈ ಚಾಚಿದ. ಒಂದು ಗೇಣು ಸಾಲದೆ ಹೋಯಿತು. ಮೇಜು ಹಿಡಿದು ಎದ್ದು ಮತ್ತೆ ಚಾಚಿದ. ಮಂಡಿ ಅಡ್ಡ ಬಂತು, ಮುಖ ಕಿವುಚಿಕೊಂಡು ಮತ್ತೆ ಕೂತ. ಅವನ ಅಂಗಿಯ ತೋಳು ತಾಗಿ ಮುಂದಿನ ಸಾಲಿನ ಈಟಿಗಾರರ ದಳವೊಂದು ಅಡ್ಡ ಬಿತ್ತು.

"ನೋಡಿದ್ಯಾ ಮೇವಿಸ್? ಆ ಸಾಲು ಇಟ್ಟೋನಿಗೆ ಉದ್ದ ಕೈ ಇರ್ಬೇಕು, ಸೊಂಟ ಬಗ್ಗಬೇಕು, ಮಂಡಿ ಚೆನ್ನಾಗಿರ್ಬೇಕು," ಅಂದಳು ಡೋರೀನ್. "ನಿಮ್ಮಣ್ಣನಿಗೆ ಮೂರೂ ಇಲ್ಲ."

"ಮಾತಿಗೆ ಥ್ಯಾಂಕ್ಸ್," ಅಂದ ಕ್ಲಿಫ್.

ಮೇವಿಸ್ ಬಟ್ಟೆಯನ್ನು ಹಿಂಡುತ್ತ ನಿಂತಿದ್ದಳು. ಅದರಲ್ಲಿ ನೀರೇನೂ ಇರಲಿಲ್ಲ.

ಡೋರೀನ್ ಟಾರ್ಚ್ ತೆಗೆದು ಮೇಜಿನ ತುದಿಗೆ ಹೋದಳು. ಟಾಲೆಮಿಯ ಕೊನೆಯ ಸಾಲಿಗೂ ಗೋಡೆಗೂ ನಡುವೆ ಹಲಗೆಯ ಉದ್ದಕ್ಕೂ ಅಂಗೈಯಷ್ಟು ಅಗಲದ ಜಾಗ ಖಾಲಿ ಇತ್ತು. ಯಾರೋ ನೀಟಾಗಿ, ಲೆಕ್ಕ ಹಾಕಿ ಬಿಟ್ಟ ಹಾಗಿತ್ತು. ಕುರ್ಚಿಯ ಕಡೆಯೂ ಅಷ್ಟೇ ಜಾಗ. ಚಹಾದ ಕಪ್ ಇಡಲು ಸರಿಹೋಗುವಷ್ಟು.

ಗೋಡೆಗೆ ಒತ್ತಿಕೊಂಡು ಚಹಾ ಕುಡಿಯುವವನು ಯಾರಪ್ಪಾ ಎಂದುಕೊಂಡು ಅವಳು ಬೆಳಕನ್ನು ಮುಂದಕ್ಕೆ ಸರಿಸಿದಳು. ಒಂದು ಪುಟ್ಟ ಗುಡ್ಡದ ಮರೆಯಲ್ಲಿ, ಆ ಖಾಲಿ ಪಟ್ಟಿಯ ನಡುಮಧ್ಯೆ, ಕಡುಹಸಿರು ಬಣ್ಣದ ಎರಡು ದಾಳಗಳು ಜೋಡಿಯಾಗಿ ಕೂತಿದ್ದವು.

"ಕ್ಲಿಫ್, ನಿನ್ನ ದಾಳ ಎಲ್ಲಿ?"

ಅವನು ಸ್ವೆಟರಿನ ಜೇಬಿಗೆ ಕೈ ಹಾಕಿ ಎರಡು ಹಳದಿಗಟ್ಟಿದ ಮೂಳೆಯ ದಾಳ ತೆಗೆದ. "ನಮ್ಮಪ್ಪಂದು."

"ಬೇರೆ?"

"ಬೇರೆ ಯಾಕೆ? ಒಂದೇ ಜೊತೆ. ಎರಡು ಜೊತೆ ಇಟ್ಕೊಂಡ್ರೆ ನನಗೇ ಗೊತ್ತಿಲ್ಲದೆ ಒಳ್ಳೇದನ್ನ ಟಾಲೆಮಿಗೆ ಕೊಟ್ಟುಬಿಡ್ತೀನಿ. ಅವನ ಮೇಲೆ ನಂಗೆ ಸ್ವಲ್ಪ ಪ್ರೀತಿ ಜಾಸ್ತಿ." ಅವನು ದಾಳಗಳನ್ನು ಅಂಗೈಯಲ್ಲಿ ಉರುಳಿಸಿದ. "ಒಬ್ಬನೇ ಆಡೋನನ್ನ ನೋಡೋರು ಯಾರೂ ಇರಲ್ಲ, ಡೋರೀನ್. ಮೋಸ ಮಾಡಿದ್ರೆ ಕೇಳೋರಿಲ್ಲ. ಅದಕ್ಕೇ ಮಾಡಬಾರದು. ಇಬ್ಬರು ರಾಜರಿಗೂ ಒಂದೇ ದಾಳ, ಒಂದೇ ಅದೃಷ್ಟ."

"ಹಾಗಾದ್ರೆ ಇವು ಯಾರವು?"

ಅವಳು ಹಸಿರು ದಾಳಗಳನ್ನು ಕರವಸ್ತ್ರದಲ್ಲಿ ಎತ್ತಿ ಹಿಡಿದಳು. ಕ್ಲಿಫ್ ಅವನ್ನು ನೋಡಿದ, ಬಹಳ ಹೊತ್ತು ನೋಡಿದ. ಬುಧವಾರದಿಂದ ಅವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಹೆದರಿದ್ದ. ತಲೆ ನಿಜಕ್ಕೂ ಕೆಟ್ಟಿದೆಯೋ ಏನೋ ಎಂಬ ಭಯ ಅವನನ್ನು ತಿಂದುಹಾಕಿತ್ತು. ಈಗ ಅವನ ಕಣ್ಣಲ್ಲಿ ನೀರು ಬಂತು.

"ನನ್ನವಲ್ಲ," ಅಂದ ಅವನು. "ನನ್ನವಲ್ಲ ಡೋರೀನ್, ದೇವರ ದಯೆ."

ಮೇವಿಸ್ ಕೆಟಲ್ ಕೂಗುತ್ತಿದೆ ಎಂದು ಹೇಳಿ ಅಡುಗೆಮನೆಗೆ ಹೋದಳು. ಕೆಟಲ್ ಕೂಗುತ್ತಿರಲಿಲ್ಲ.

ಉಳಿದ ಪ್ರಶ್ನೆಗಳನ್ನು ಡೋರೀನ್ ಕೋಟು ಹಾಕಿಕೊಳ್ಳುತ್ತಲೇ ಕೇಳಿದಳು. ಮುಂಬಾಗಿಲ ಬೀಗದ ಕೈ ಜೆರೇನಿಯಂ ಕುಂಡದ ಕೆಳಗೆ ಇರುತ್ತದೆ ಎಂದು ಯಾರಿಗೆ ಗೊತ್ತು?

"ಇಡೀ ಬೀದಿಗೆ," ಅಂದ ಕ್ಲಿಫ್. "ಕಿಟಕಿ ಒರೆಸೋ ಲೆನ್‌ಗೂ ಗೊತ್ತು. ಆದರೆ ಲೆನ್‌ಗೆ ಟಾಲೆಮಿ ಯಾರು ಆಂಟಿಯೋಕಸ್ ಯಾರು ಅಂತ ತಿಳಿಯಲ್ಲ. ಇಲ್ಲಿ ನೋಡು, ಒಬ್ಬ ಸೈನಿಕನೂ ಆಚೀಚೆ ಆಗಿಲ್ಲ. ಎಲ್ಲ ಅವರವರ ಕಡೇನೇ ಇದಾರೆ."

"ಅಂದ್ರೆ ಆಟ ಬಲ್ಲವನು. ಇನ್ನೊಬ್ಬರ ಎದುರು ಕೂತು ಆಡಿ ಅಭ್ಯಾಸ ಇರೋನು. ಉದ್ದ ಕೈ."

ಕ್ಲಿಫ್ ಮೂಗು ತಿಕ್ಕಿಕೊಂಡ. "ಡೆಸ್ಮಂಡ್ ಕರ್ಕ್. ನಮ್ಮೂರ ಯುದ್ಧದಾಟದ ಕ್ಲಬ್ಬಿನ ಕಾರ್ಯದರ್ಶಿ. ಆಂಟಿಯೋಕಸ್ ಸೈನ್ಯಾನ ಕ್ಲಬ್ಬಿಗೆ ಮಾರು ಅಂತ ವರ್ಷಗಟ್ಟಲೆ ಬೆನ್ನು ಬಿದ್ದಿದಾನೆ. ಅವನು ಒಳ್ಳೆಯವನೇ, ಆದ್ರೂ."

"ಮೇವಿಸ್," ಎಂದು ಡೋರೀನ್ ಅಡುಗೆಮನೆಯ ಕಡೆ ಕೂಗಿದಳು, "ಬುಧವಾರ ಮಧ್ಯಾಹ್ನ ನೀನೆಲ್ಲಿದ್ದೆ?"

"ಮಾರ್ಕೆಟ್ಟಲ್ಲಿ. ಇವನು ಹೊರಟಾಗಲೇ ಹೊರಟೆ, ಇವನು ಬಂದಮೇಲೆ ಬಂದೆ."

*

ದಾರಿಯಲ್ಲಿ ಡೋರೀನ್ ಪುದೀನ ಸಾಸ್ ಹಾಕಿದ ಬೇಯಿಸಿದ ಬಟಾಣಿಯನ್ನು ಒಂದು ಬಟ್ಟಲು ನಿಂತೇ ತಿಂದಳು. ಹೊಟ್ಟೆ ಬೆಚ್ಚಗಿದ್ದರೆ ಯಾರ ಮೇಲೂ ವಿನಾಕಾರಣ ಸಿಟ್ಟು ಬರುವುದಿಲ್ಲ ಎಂಬುದು ಅವಳು ಕೆಲಸದಲ್ಲಿದ್ದಾಗಲೇ ಕಂಡುಕೊಂಡ ಸತ್ಯ. ಬಿಸಿಲು ಬಿದ್ದಿತ್ತು. ಕೈಚೀಲದಲ್ಲಿ ದಾಳಗಳು ಗಲಗಲ ಅನ್ನುತ್ತಿದ್ದವು. ನಿವೃತ್ತಿ ಅಂದರೆ ಇಷ್ಟು ಖುಷಿಯ ಸಂಗತಿ ಎಂದು ಗೊತ್ತಿದ್ದರೆ ಇನ್ನೂ ಮೊದಲೇ ತೆಗೆದುಕೊಳ್ಳುತ್ತಿದ್ದಳು.

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಡೆಸ್ಮಂಡ್ ಕರ್ಕ್ ಶನಿವಾರದ ಪಂದ್ಯಕ್ಕೆ ಮೇಜುಗಳನ್ನು ಜೋಡಿಸುತ್ತಿದ್ದ. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ತಗ್ಗಿಸಿ ಬೆನ್ನೇ ಬಾಗಿಹೋದ ಮನುಷ್ಯ. ಕೈಗಳು ಮಂಡಿ ಮುಟ್ಟುವಂತಿದ್ದವು.

"ಮಿಸೆಸ್ ಆಲ್ಸಪ್, ನೀವೇನಿಲ್ಲಿ? ಸೈನ್ಯಕ್ಕೆ ಸೇರ್ತೀರಾ?"

"ಅದಕ್ಕೇ ಬಂದೆ. ಒಂದು ಆಟ ಕಲಿಸಿ."

ಡೆಸ್ಮಂಡ್‌ನ ಮುಖ ಅರಳಿತು. ಹೆಂಗಸರು ತಾವಾಗಿ ಬಂದು ಆಟ ಕಲಿಸಿ ಎಂದದ್ದು ಆ ಕ್ಲಬ್ಬಿನ ಚರಿತ್ರೆಯಲ್ಲೇ ಇರಲಿಲ್ಲವೇನೋ. ಅವನು ಓಡಾಡಿ ಅವಳಿಗೆ ರೋಮನ್ನರನ್ನು ತಂದುಕೊಟ್ಟ, ಕುರ್ಚಿ ಎಳೆದ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಅವಳ ಸೈನ್ಯವನ್ನು ಮೇಜಿನ ಅಂಚಿನಿಂದ ಅಂಗೈಯಷ್ಟು ಒಳಕ್ಕೆ ತಳ್ಳಿ, ಖಾಲಿಯಾದ ಪಟ್ಟಿಯಲ್ಲಿ ಮಗ್ ಇಟ್ಟ. ಆಮೇಲೆ ಜೇಬಿನಿಂದ ಚರ್ಮದ ಪುಟ್ಟ ಚೀಲ ತೆಗೆದು, ಇನ್ನೂ ತಾನು ಕೂರುವ ಮುಂಚೆಯೇ, ಎರಡು ದಾಳಗಳನ್ನು ಅವಳ ಮುಂದೆ ಜೋಡಿಯಾಗಿ ಇರಿಸಿದ.

ಕಡುಹಸಿರು ಬಣ್ಣದವು.

"ಎದುರಾಳಿಗೆ ಮೊದಲು," ಅಂದ ಅವನು. "ನಮ್ಮಲ್ಲಿ ಅದು ರೂಢಿ. ಆಮೇಲೆ ಹೊಡೆದಾಡೋದು ಇದ್ದೇ ಇದೆ, ಮೊದಲು ಮರ್ಯಾದೆ."

ಡೋರೀನ್ ಕೈಚೀಲ ತೆರೆದು ಕರವಸ್ತ್ರ ಬಿಡಿಸಿದಳು. ಅವಳು ಕೆಳಗಿಟ್ಟ ಎರಡು ದಾಳಗಳು ಅವನು ಇಟ್ಟ ಎರಡರ ಪಕ್ಕ ಒಡಹುಟ್ಟಿದವುಗಳ ಹಾಗೆ ಕೂತವು.

"ಈಗ ನಿಮಗೆ ಅಂತ ಒಂದು ಜೊತೆ ತೆಗೀರಿ, ಡೆಸ್ಮಂಡ್."

ಅವನು ಚೀಲದೊಳಗೆ ಬೆರಳಾಡಿಸಿದ. ಮತ್ತೆ ಆಡಿಸಿದ. ಕೊನೆಗೆ ಚೀಲವನ್ನು ಬೋರಲು ಮಾಡಿ ಕೊಡವಿದ. ಏನೂ ಬೀಳಲಿಲ್ಲ.

"ಇವು ನಿಮಗೆ ಎಲ್ಲಿ ಸಿಕ್ಕಿದ್ವು?"

"ಟಾಲೆಮಿಗೂ ಗೋಡೆಗೂ ಮಧ್ಯೆ. ಅಲ್ಲಿ ಕೂತು ದಾಳ ಹಾಕೋನು ಗೋಡೆಯೊಳಗೇ ಕೂರಬೇಕು. ಕ್ಲಿಫ್ ಮನೇಲಿ ಎದುರಾಳಿ ಅನ್ನೋನೇ ಇಲ್ಲ. ಇಲ್ಲದ ಎದುರಾಳಿಗೂ ಚಹಾಕ್ಕೆ ಜಾಗ ಬಿಟ್ಟು, ದಾಳ ಇಟ್ಟು ಬಂದಿದೀರಲ್ಲ, ಎಂಥಾ ಸಭ್ಯಸ್ಥರು ನೀವು."

ಡೆಸ್ಮಂಡ್ ಕುರ್ಚಿಯಲ್ಲಿ ನಿಧಾನ ಕೂತ. ಅಷ್ಟುದ್ದದ ಮನುಷ್ಯ ಮಡಚಿಕೊಂಡು ಚಿಕ್ಕವನಾದ.

"ನಾನು ಕದಿಯೋಕೆ ಹೋಗಿರ್ಲಿಲ್ಲ."

"ಕದ್ದಿದ್ರೆ ವಾಸಿ ಇತ್ತು. ಕಳ್ಳ ಬಂದಿದ್ದ ಅಂತಾದ್ರೂ ಎಲ್ಲ ನಂಬ್ತಿದ್ರು. ಕ್ಲಿಫ್ ಬುಧವಾರದಿಂದ ಊಟ ಬಿಟ್ಟಿದಾನೆ. ತನ್ನ ತಲೇನೇ ತಾನು ನಂಬ್ತಿಲ್ಲ. ಸಂಜೆ ಬಂದು ಅವನ ಕೋಲು ಕಿತ್ಕೊಂಡು ಹೋಗ್ತಾರೆ." ಡೋರೀನ್‌ಗೆ ಬಟಾಣಿ ತಿಂದರೂ ಸಿಟ್ಟು ಬಂದಿತ್ತು. "ಹೇಳಿ, ಯಾಕೆ ಹೋಗಿದ್ರಿ?"

"ಇಡೋಕೆ."

"ಏನನ್ನ?"

ಅವನು ಎದ್ದು ಬೀರುವಿನಿಂದ ಒಂದು ಬಿಸ್ಕತ್ ಡಬ್ಬ ತಂದ. ಹತ್ತಿಯ ಹಾಸಿಗೆಯ ಮೇಲೆ ಒಂದು ಆನೆ ನಿಂತಿತ್ತು. ಭಾರತದ ಆನೆ, ಸಣ್ಣ ಕಿವಿಯದು. ಹಣೆಯ ಮೇಲೆ ಬಿಳಿ ಚಿತ್ತಾರ, ಬೆನ್ನ ಮೇಲೆ ಕೆಂಪು ಕಂಬಳಿ, ಕಂಬಳಿಯ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಹೂಬಳ್ಳಿ. ಮಾವುತನ ಕಣ್ಣಿಗೆ ರೆಪ್ಪೆ ಕೂಡ ಇತ್ತು.

"ಬರೋ ಮಂಗಳವಾರ ಕ್ಲಿಫ್ ಹುಟ್ಟಿದಹಬ್ಬ. ಆಂಟಿಯೋಕಸ್‌ಗೆ ಒಂದು ಆನೆ ಕಮ್ಮಿ ಇದೆ ಅಂತ ಯಾವಾಗಲೋ ಹೇಳಿದ್ದ. ಚಳಿಗಾಲ ಪೂರ್ತಿ ಕೂತು ಬಣ್ಣ ಹಚ್ಚಿದೆ. ಅವನಿಲ್ಲದಾಗ ಮೆಲ್ಲಗೆ ಸಾಲಿನಲ್ಲಿ ನಿಲ್ಲಿಸಿ ಬಂದುಬಿಡೋಣ, ಬಂದು ನೋಡಿದಾಗ ಅವನ ಮುಖ ಹೇಗಾಗತ್ತೆ ಅಂತ..." ಅವನು ಮಾತು ನಿಲ್ಲಿಸಿದ. "ಕುಂಡದ ಕೆಳಗಿನ ಬೀಗದ ಕೈ ತಗೊಂಡು ಒಳಗೆ ಹೋದೆ. ಕೋಣೆ ಬಾಗಿಲು ತೆಗೆದ್ರೆ ಹಲಗೆ ನೆಲದ ಮೇಲಿತ್ತು."

"ಏನಂದ್ರಿ?"

"ನೆಲದ ಮೇಲೆ, ಮಿಸೆಸ್ ಆಲ್ಸಪ್. ಎರಡು ಸೈನ್ಯಾನೂ ಕಾರ್ಪೆಟ್ ಮೇಲೆ ಚೆಲ್ಲಾಪಿಲ್ಲಿ. ಟಾಲೆಮಿ ಕುರ್ಚಿ ಕೆಳಗಿದ್ದ. ಈಟಿ ಎಲ್ಲ ಬಾಗಿಹೋಗಿತ್ತು."

"ನೀವೇ ಬೀಳಿಸಿದ್ದಲ್ಲ ತಾನೆ?"

ಡೆಸ್ಮಂಡ್ ಆನೆಯ ಬೆನ್ನ ಮೇಲೆ ಬೆರಳಿಟ್ಟ. "ಇದನ್ನ ಮುಟ್ಟಿ ಹೇಳ್ತೀನಿ, ನಾನಲ್ಲ."

ಕೋರ್ಟಿನಲ್ಲಿ ಎಷ್ಟೋ ಜನ ಎಷ್ಟೋ ವಸ್ತುಗಳನ್ನು ಮುಟ್ಟಿ ಹೇಳಿದ್ದನ್ನು ಡೋರೀನ್ ಕೇಳಿದ್ದಳು. ಈ ಆಣೆಯಷ್ಟು ನಂಬಿಕೆ ಅವಳಿಗೆ ಯಾವುದರ ಮೇಲೂ ಹುಟ್ಟಿರಲಿಲ್ಲ.

"ಮತ್ತೆ ಯಾರನ್ನಾದ್ರೂ ಕರೀಬೇಕಿತ್ತು. ಕ್ಲಿಫ್‌ಗೆ ಹೇಳ್ಬೇಕಿತ್ತು."

"ಅವನೇ ಎಸೆದಿದಾನೆ ಅಂದ್ಕೊಂಡೆ. ತನ್ನ ಕೈಲಿ ತಾನೇ ಸೋತು ಸಿಟ್ಟು ಬಂದು. ಒಬ್ಬೊಬ್ಬರೇ ಆಡೋರಲ್ಲಿ ಅದು ಉಂಟು, ಬೈಯೋಕೆ ಎದುರುಗಡೆ ಯಾರೂ ಇರಲ್ಲ ನೋಡಿ." ಡೆಸ್ಮಂಡ್ ತಲೆ ತಗ್ಗಿಸಿದ. "ಮರ್ಯಾದಸ್ಥ ಮನುಷ್ಯ. ಮನೆಗೆ ಬರೋ ಹೊತ್ತಿಗೆ ಎಲ್ಲ ಮೊದಲಿನ ಹಾಗೇ ನಿಂತಿದ್ರೆ ನಾಚಿಕೆ ಆಗಲ್ಲ ಅಂತ ಎತ್ತಿಟ್ಟೆ. ದಳ ದಳಾನೇ ಒಂದೊಂದು ತಗಡಿಗೆ ಅಂಟಿಸಿರ್ತಾನೆ, ಬೇಗ ಆಯ್ತು. ಈಟಿ ನೆಟ್ಟಗೆ ಮಾಡಿದೆ. ಅವನ ಆಟ ಹೇಗಿತ್ತು ಅಂತ ನಂಗೇನು ಗೊತ್ತು? ಅವನು ಆಡೋದನ್ನ ನೋಡಿದೋರೇ ಇಲ್ಲ. ಎಲ್ಲರೂ ಇಡೋ ಹಾಗೆ ಎದುರುಬದುರು ಇಟ್ಟೆ. ದಾಳ ಯಾವಾಗ ಇಟ್ಟೆನೋ, ಕೈ ತಾನಾಗಿ ಇಟ್ಟುಬಿಟ್ಟಿದೆ. ಆ ಗಡಿಬಿಡೀಲಿ ಆನೆ ಜೇಬಲ್ಲೇ ಉಳೀತು."

ಡೋರೀನ್‌ಳ ಸಿಟ್ಟು ಇಳಿದುಹೋಯಿತು. ಮನೆಗೆ ನುಗ್ಗಿದವನು ಸ್ನೇಹಿತನ ಮಾನ ಉಳಿಸಲು ಮಂಡಿಯೂರಿ ಸೈನಿಕರನ್ನು ಹೆಕ್ಕಿದ್ದ. ಇಂಥ ಅಪರಾಧಕ್ಕೆ ಯಾವ ಕಲಂ ಹಾಕುವುದು?

"ಇನ್ನೊಂದು," ಅಂದ ಡೆಸ್ಮಂಡ್. "ಮನೇಲಿ ಯಾರೋ ಇದಾರೆ ಅಂದ್ಕೊಂಡಿದ್ದೆ ನಾನು. ಕೂಗಿದೆ. ಅಡುಗೆಮನೆಗೂ ಹೋಗಿ ನೋಡಿದೆ. ಮೇಜಿನ ಮೇಲೆ ಎರಡು ಕಪ್ ಟೀ ಇತ್ತು, ಇನ್ನೂ ಹಬೆ ಆಡ್ತಿತ್ತು. ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಒಬ್ಬರೂ ಇಲ್ಲ."

ಡೋರೀನ್ ಮಗ್ ಕೆಳಗಿಟ್ಟಳು. ಮೇವಿಸ್ ಮಾರ್ಕೆಟ್ಟಿಗೆ ಹೋಗಿದ್ದಳಲ್ಲ.

"ಕೋಟು ಹಾಕ್ಕೊಳ್ಳಿ," ಅಂದಳು. "ಆನೇನೂ ತಗೊಳ್ಳಿ."

*

ಅವರು ಹೋಗುವ ಹೊತ್ತಿಗೆ ಮಿಸೆಸ್ ಪ್ರಿಡ್ಡಿ ಬಂದಾಗಿತ್ತು. ಹಳದಿ ಕೋಟಿನ, ಚುರುಕು ಕಣ್ಣಿನ ಹೆಂಗಸು. ತಟ್ಟೆಯಲ್ಲಿ ಕೇಕಿನ ತುಣುಕು ಅರ್ಧ ಮುಗಿದಿತ್ತು. ಕ್ಲಿಫ್ ಅವಳೆದುರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ, ತೊಡೆಯ ಮೇಲೆ ಕೋಲು ಅಡ್ಡಲಾಗಿತ್ತು. ಗಾಬರಿಯಲ್ಲಿ ಅವನು ಶಾಲೆಯ ಹೆಸರನ್ನೇ ತಪ್ಪು ಹೇಳಿದ್ದನಂತೆ. ಮಿಸೆಸ್ ಪ್ರಿಡ್ಡಿ ಮೃದುವಾಗಿಯೇ ಆ ಕೋಲಿನ ಕಡೆ ಕೈ ಚಾಚುತ್ತಿದ್ದಳು.

"ಒಂದು ನಿಮಿಷ ಮೇಡಂ," ಅಂದಳು ಡೋರೀನ್. "ಈ ಮನುಷ್ಯ ನಿಮಗೊಂದು ವಿಷಯ ಹೇಳ್ಬೇಕಂತೆ."

ಡೆಸ್ಮಂಡ್ ಹೇಳಿದ. ಎಲ್ಲವನ್ನೂ ಹೇಳಿದ, ಗೋಡೆಯೊಳಗಿನ ಎದುರಾಳಿಯ ವಿಷಯವನ್ನೂ. ಚಹಾದ ಕಪ್‌ಗಳ ಮಾತು ಮಾತ್ರ ಎತ್ತಬಾರದೆಂದು ಡೋರೀನ್ ದಾರಿಯಲ್ಲೇ ಅವನಿಗೆ ಹೇಳಿಟ್ಟಿದ್ದಳು. ಹಲಗೆ ತಾನಾಗಿ ಜಾರಿ ಬಿದ್ದಿರಬೇಕೆಂದು ಮಿಸೆಸ್ ಪ್ರಿಡ್ಡಿ ಅಂದುಕೊಂಡಳು.

"ಹಾಗಾದ್ರೆ ಮಿಸ್ಟರ್ ಹ್ಯಾಲಮ್, ಬುಧವಾರ ನೀವು ಬಿಟ್ಟುಹೋದಾಗ ಅದೆಲ್ಲ ಹೇಗಿತ್ತು, ನೆನಪಿದೆಯಾ?"

ಕ್ಲಿಫ್ ಕೋಲನ್ನು ಗೋಡೆಗೆ ಒರಗಿಸಿ ಹಲಗೆಯ ಮುಂದಿನ ತನ್ನ ಕುರ್ಚಿಗೆ ಹೋಗಿ ಕೂತ. ಅಲ್ಲಿ ಕೂತದ್ದೇ ತಡ, ಅವನ ದನಿ ಬದಲಾಯಿತು.

"ಡೆಸ್ಮಂಡ್, ಆ ಕ್ರೀಟಿನ ಬಿಲ್ಲುಗಾರರನ್ನ ನನ್ನ ಎಡಗೈ ಹತ್ರ ತಾ. ಮುಂದಿನ ಸಾಲು. ಅಲ್ಲ, ನೀಲಿ ಗುರಾಣಿಯವರು. ಅವರ ಹಿಂದೆ ಉದ್ದ ಈಟಿಯವರು. ಟಾಲೆಮಿಯ ಆನೆಗಳು ಎರಡು ಹೆಜ್ಜೆ ಹಿಂದೆ ಸರಿದಿದ್ವು, ಆಂಟಿಯೋಕಸ್‌ನ ಆನೆ ಕಂಡ್ರೆ ಅವಕ್ಕೆ ಹೆದರಿಕೆ. ಆ ಕುದುರೆ ಗುಡ್ಡದ ಮೇಲಲ್ಲ ಮಾರಾಯ, ಕೆಳಗೆ. ಅದು ನೀರು ಕುಡಿಯೋಕೆ ಹೋಗಿದೆ."

ಒಂದು ದಳಕ್ಕೂ ಅವನು ತಡವರಿಸಲಿಲ್ಲ. ಡೆಸ್ಮಂಡ್ ಬೆವರುತ್ತ ಎತ್ತಿ ಎತ್ತಿ ಕೊಟ್ಟ. ಯುದ್ಧ ಮತ್ತೆ ಕಾಲು ಸುತ್ತು ತಿರುಗಿ ತನ್ನ ದಿಕ್ಕಿಗೆ ಬಂದು ನಿಂತಾಗ ಮಿಸೆಸ್ ಪ್ರಿಡ್ಡಿ ತಟ್ಟೆಯಲ್ಲಿ ಉಳಿದಿದ್ದ ಕೇಕನ್ನು ಬಾಯಿಗೆ ಹಾಕಿಕೊಂಡಳು.

"ನಮ್ಮ ಆಫೀಸಲ್ಲಿ ಇಷ್ಟು ನೆನಪಿರೋರು ಒಬ್ಬರೂ ಇಲ್ಲ," ಅಂದಳು. ಕೋಲನ್ನು ಎತ್ತಿ ತಾನೇ ಅವನ ಕೈಗೆ ಕೊಟ್ಟಳು. "ಸೋಮವಾರ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ನಿಂತಿರ್ಬೇಕು, ಜನರಲ್."

ಅವಳು ಹೋದ ಮೇಲೆ ಡೆಸ್ಮಂಡ್ ಡಬ್ಬ ತೆರೆದ. ಕ್ಲಿಫ್ ಆನೆಯನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಮಾವುತನ ರೆಪ್ಪೆಯನ್ನು ಕಣ್ಣು ಕಿರಿದುಮಾಡಿ ನೋಡಿದ. ಆಮೇಲೆ ಅದನ್ನು ಆಂಟಿಯೋಕಸ್‌ನ ಸಾಲಿನಲ್ಲಿ ನಿಲ್ಲಿಸಿ, ಬೇಕಾದರೆ ಕೂತು ಆಟ ನೋಡು, ಆದರೆ ಬಾಯಿ ಬಿಡಬೇಡ ಅಂದ. ಡೆಸ್ಮಂಡ್ ಅಡುಗೆಮನೆಯ ಸ್ಟೂಲು ತಂದುಕೊಂಡು ಕೈಕಟ್ಟಿ ಕೂತ. ಇಬ್ಬರನ್ನೂ ನೋಡಿ ಡೋರೀನ್‌ಗೆ ಎದೆ ತುಂಬಿ ಬಂತು. ಒಳ್ಳೆಯ ದಿನ ಅಂದರೆ ಇದು ಅನ್ನಿಸಿತು.

ಅವಳು ಖಾಲಿ ಕಪ್‌ಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿದಳು.

ಮೇವಿಸ್ ತೊಳೆಯುವ ತೊಟ್ಟಿಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು.

"ಬುಧವಾರ ಈ ಮೇಜಿನ ಮೇಲೆ ಎರಡು ಕಪ್ ಟೀ ಇತ್ತು, ಮೇವಿಸ್. ಒಂದು ನಿಂದು. ಇನ್ನೊಂದು ಯಾರದು?"

ಮೇವಿಸ್ ತಿರುಗಲಿಲ್ಲ. "ನೀನು ತುಂಬಾ ಒಳ್ಳೆ ಕೆಲಸ ಮಾಡಿದೆ ಅಂದ್ಕೊಂಡಿದೀಯ ಅಲ್ವಾ?"

"ಅವನ ಕೋಲು ಉಳೀತು."

"ಅದೇ ಉಳೀಬಾರದಿತ್ತು." ಅವಳು ಈಗ ತಿರುಗಿದಳು. "ಬುಧವಾರ ಹೆದರಿ ನಾನು ಹಿತ್ತಲಿಗೆ ಓಡಿಹೋಗಿದ್ದೆ. ವಾಪಸು ಬಂದು ನೋಡಿದ್ರೆ ಸೈನ್ಯ ಎಲ್ಲ ಎದ್ದು ನಿಂತಿತ್ತು. ನಂಗೇ ಹುಚ್ಚು ಹಿಡಿದಂಗಾಯ್ತು. ಆಮೇಲೆ ಯೋಚನೆ ಮಾಡಿದೆ, ಇದೇ ನೆಪ ಸಾಕು ಅಂತ. ಮರೆವು ಅಂತ ಹೇಳಿದ್ರೆ ಅವರೇ ಬಂದು ಕೋಲು ತಗೊಂಡು ಹೋಗ್ತಾರೆ. ಅವನು ಅಳ್ತಿದ್ದ, ನನ್ನನ್ನ ಶಪಿಸ್ತಿದ್ದ. ಆದ್ರೆ ಮನೇಲಿರ್ತಿದ್ದ."

"ಹಲಗೆ ಬೀಳಿಸಿದ್ದು ನೀನಾ?"

"ನಾನಲ್ಲ. ಇಲ್ಲಿ ಟೀ ಕುಡೀತಾ ಕೂತಿದ್ದೋನು. ಎದ್ದು ಆ ಕೋಣೆಗೆ ಹೋದ, ನಾನು ನೋಡ್ತಿರೋ ಹಾಗೇ ಹಲಗೆ ಅಂಚು ಹಿಡಿದು ಒಂದೇ ಕೈಲಿ ಎಳೆದ. ಎಲ್ಲ ಬಿದ್ದಮೇಲೆ ತಿರುಗಿ ಮೆಲ್ಲಗೆ ಹೇಳಿದ." ಮೇವಿಸ್ ಊಟದ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಸೋಮವಾರ ಬೆಳಿಗ್ಗೆ ನಿನ್ನಣ್ಣ ಆ ರಸ್ತೇಲಿ ನಿಂತಿರಬಾರದು ಅಂತ. ನಿಂತಿದ್ರೆ ಅವನ ಗತೀನೂ ಇದೇ ಅಂತ."

"ಯಾರವನು?"

ಮೇವಿಸ್ ಹಿತ್ತಲ ಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡಿದಳು. "ಹೆಸರು ಹೇಳಿದ್ರೆ ನನ್ನನ್ನೂ ಬಿಡಲ್ಲ ಅವನು," ಅಂದಳು.

ಊಟದ ಕೋಣೆಯಲ್ಲಿ ಮೂಳೆಯ ದಾಳಗಳು ಉರುಳಿದ ಸದ್ದಾಯಿತು. ಕ್ಲಿಫ್ ದೊಡ್ಡದಾಗಿ ನಕ್ಕ. ಬುಧವಾರದಿಂದ ಆ ಮನೆಯಲ್ಲಿ ಕೇಳಿರದ ನಗು ಅದು.

"ಡೋರೀನ್," ಎಂದು ಅವನು ಒಳಗಿನಿಂದ ಕೂಗಿದ, "ಸೋಮವಾರ ಬೆಳಿಗ್ಗೆ ಟಿಲ್ಲೀನ ನನ್ನ ಹತ್ರ ಎಲ್ಲರಿಗಿಂತ ಮೊದಲು ಕಳಿಸು. ಅವಳಿಗೆ ಈ ಹೊಸ ಆನೆಯ ಪದವಿ ಕೊಡ್ತೀನಿ."